ಶ್ರೀನಗರದ ಬೀದಿ, ಸಕಲೇಶಪುರದ ಕೆಸರು

ದಕ್ಷಿಣ ಬೆಂಗಳೂರಿನ ಶ್ರೀನಗರ ಬಸ್ ನಿಲ್ದಾಣದಲ್ಲಿ ಇಳಿದು ಹನುಮಂತನಗರದ ಕಡೆ ನಡೆದರೆ ಒತ್ತೊತ್ತಾದ ಮನೆಗಳು, ಕಿರಿದಾದ ಅಡ್ಡರಸ್ತೆಗಳು. ಇಂಥ ಬಡಾವಣೆಗಳ ವೆಲ್ಡಿಂಗ್ ಷಾಪುಗಳಲ್ಲಿ ಗೇಟು, ಕಿಟಕಿ ಗ್ರಿಲ್ಲುಗಳದೇ ಕಾರುಬಾರು. ಸಕಲೇಶಪುರ, ಕೊಡಗಿನ ಕೆಸರು ದಾರಿಗಳಲ್ಲಿ ಜೀಪು ಓಡಿಸುವ ಹವ್ಯಾಸಿಗಳು ಮಾಡಿಸುವ ವಿಂಚ್ ಬಂಪರಿಗೂ ಬೇಕಾದದ್ದು ಉಕ್ಕು ಮತ್ತು ಬೆಸುಗೆಯೇ. ಆದರೆ ಲೆಕ್ಕ ಬೇರೆ.

ವಿಂಚ್ ಎಂದರೆ ಬ್ಯಾಟರಿಯ ಬಲದಿಂದ ಹಗ್ಗ ಸುತ್ತುವ ಯಂತ್ರ. ಹಗ್ಗದ ತುದಿಯನ್ನು ಗಟ್ಟಿ ಮರಕ್ಕೆ ಬಿಗಿದರೆ, ಹೂತುಹೋದ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯಬಲ್ಲ ವಿಂಚ್ ಆರಿಸುವುದು ವಾಡಿಕೆ. 2,400 ಕಿಲೋ ಗಾಡಿಗೆ 3,600 ಕಿಲೋ. ಆ ಎಳೆತವನ್ನು ತೆಳು ತಗಡು ತಾಳದು. ಅದಕ್ಕೇ ಮೊದಲು ರಟ್ಟಿನಲ್ಲಿ ಅಚ್ಚು ತೆಗೆದು, ಅಳತೆ ನೋಡಿ, ದಪ್ಪ ಪ್ಲೇಟು ಕತ್ತರಿಸಿ, ಚಾಸಿಯ ಎರಡೂ ತೊಲೆಗಳಿಗೆ ಬೋಲ್ಟ್ ಹಾಕಿ ಬಿಗಿಯುತ್ತಾರೆ.

ಕಂಪನಿಯ ಬಂಪರು ಡಿಕ್ಕಿಯಲ್ಲಿ ನಜ್ಜುಗುಜ್ಜಾಗುವುದು ಅದರ ದೋಷವಲ್ಲ, ಕೆಲಸ. ಪೆಟ್ಟನ್ನು ಒಂದಿಷ್ಟು ತಾನೇ ನುಂಗುತ್ತದೆ. ಬಗ್ಗದ ಉಕ್ಕು ಆ ಪೆಟ್ಟನ್ನು ಎದುರಿನವರಿಗೂ ಒಳಗಿನವರಿಗೂ ದಾಟಿಸುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಲ್ಲೇಖಿಸಿ, ಬುಲ್ ಬಾರ್, ಕ್ರ್ಯಾಷ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಕೆಸರಲ್ಲಿ ಕಾಯುವ ಉಕ್ಕು, ಶಾಲೆ ಬಿಡುವ ಹೊತ್ತಿನ ಶ್ರೀನಗರದ ಅಡ್ಡರಸ್ತೆಯಲ್ಲಿ ಅಪಾಯ.

ಈ ಕೆಲಸದಲ್ಲಿ ಆಸಕ್ತಿಯಿರುವ ಮಕ್ಕಳಿಗೆ ಐಟಿಐಗಳಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಇದೆ. ಗಟ್ಟಿಯಾಗಿ ಬೆಸೆಯುವುದನ್ನು ಅಲ್ಲಿ ಕಲಿಯಬಹುದು. ಎಲ್ಲಿ ಬೆಸೆಯಬಾರದು ಎಂಬುದನ್ನೂ ಜೊತೆಗೇ ಕೇಳಿ ತಿಳಿಯಲಿ.