ಅಪ್ಪನ ಕಾಗದದ ಒಂದು ಶಬ್ದ

ಕಾಳಿ ನದಿಗೆ ೧೦೧ ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ೧೯೮೦ರ ದಶಕದಲ್ಲಿ ನೀರು ನಿಂತಿತು, ಸೂಪಾ ಮುಳುಗಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಬಹಳ ಮಂದಿ ಅದೇ ತಾಲ್ಲೂಕಿನ ರಾಮನಗರಕ್ಕೆ ಬಂದರು. ನಾವೂ ಬಂದೆವು. ಅಪ್ಪನ ತಗಡಿನ ಪೆಟ್ಟಿಗೆಯೊಳಗೆ ಒಂದು ಇಂಗ್ಲಿಷ್ ಕಾಗದ ಇತ್ತು. ಅಪ್ಪನ ಹೆಸರಿನ ಮುಂದೆ 'ಔಸ್ಟೀ' ಅಂತ ಬರೆದಿತ್ತು. ಅಪ್ಪ ಅದನ್ನು ಯಾವುದೋ ಹುದ್ದೆ ಅಂತಲೇ ತಿಳಿದಿದ್ದ.

ಕಾಲೇಜಿಗೆ ಹೋದ ಮೇಲೆ ನಿಘಂಟು ತೆರೆದು ನೋಡಿದೆವು. 'ಔಸ್ಟ್' ಅಂದರೆ ಹೊರದಬ್ಬು. ಈ ಕ್ರಿಯಾಪದ ಮೂಲದಲ್ಲಿ ಇಂಗ್ಲಿಷರದೂ ಅಲ್ಲ. ೧೦೬೬ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಕಾಲಕ್ರಮೇಣ ಅಲ್ಲಿಯ ನ್ಯಾಯಾಲಯದ ಮಾತು ಫ್ರೆಂಚ್ ಆಯಿತು. ಭೂಮಿಯ ದಾವೆಗಳಲ್ಲಿ ಈ ಶಬ್ದ ಬೇರುಬಿಟ್ಟಿತು. ಅಲ್ಲಿಯ ಬಡ ಒಕ್ಕಲನ್ನು ಎಬ್ಬಿಸಿದ್ದೂ ಅವನಿಗೆ ತಿಳಿಯದ ಭಾಷೆಯಲ್ಲೇ ನೋಡಿ!

ಅದಕ್ಕೂ ಹಿಂದೆ ಲ್ಯಾಟಿನ್ನಿನ 'ಒಬ್‌ಸ್ಟಾರೆ'. ಎದುರು ನಿಲ್ಲು, ಅಡ್ಡ ನಿಲ್ಲು ಎಂದರ್ಥ. ಇದನ್ನು ಓದಿ ಪುಸ್ತಕ ಮುಚ್ಚಿ ಸುಮ್ಮನೆ ಕೂತೆವು. ಅಡ್ಡ ನಿಲ್ಲುವುದು, ತಡೆಯುವುದು, ಕಸಿಯುವುದು, ಕಡೆಗೆ ಹೊರದಬ್ಬುವುದು. ಅರ್ಥ ಹೀಗೆ ಜಾರುತ್ತ ಬಂದಿದೆ. ಅದರಲ್ಲಿರುವ 'ಸ್ಟಾರೆ' ಸಂಸ್ಕೃತದ 'ಸ್ಥಾ' ಧಾತುವಿನ ಒಡಹುಟ್ಟು. ನಮ್ಮ ಸ್ಥಿರಾಸ್ತಿ ಎಂಬ ಮಾತೂ ಅದೇ ಬೇರಿನದು, ಅಣೆಕಟ್ಟಿನ ಕೆಳಗಿನ ವಿದ್ಯುತ್ ಸ್ಥಾವರವೂ ಅದೇ ಬೇರಿನದು. ಗದ್ದೆ ಒಡೆಯರದು, ಸ್ಥಿರಾಸ್ತಿಯ ಪರಿಹಾರವೂ ಅವರದೇ ಆಯಿತು. ಆ ಗದ್ದೆಯ ಕೆಸರಲ್ಲಿ ಮೂರು ತಲೆಮಾರು ದುಡಿದ ನಮಗೆ ಸಿಕ್ಕಿದ್ದು ಗುಡಿಸಲಿನ ಬೆಲೆ. ದುಡಿಮೆಯನ್ನು ಅಳೆಯುವ ಟೇಪು ಸರಕಾರದ ಬಳಿ ಇರಲಿಲ್ಲ.

ಶಬ್ದದ ಬಾಲಕ್ಕಿರುವ 'ಈ' ಕೂಡ ಫ್ರೆಂಚಿನಿಂದ ಬಂದದ್ದು. ಮಾಡಿದವನಲ್ಲ, ಮಾಡಿಸಿಕೊಂಡವನು ಅಂತ. ಸರಕಾರಿ ಕನ್ನಡ ನಮ್ಮನ್ನು 'ಸಂತ್ರಸ್ತರು' ಅನ್ನುತ್ತದೆ. ಆ ಪದಕ್ಕೆ ಅಂಜಿದವರು ಎಂದರ್ಥ. ನಾವು ಅಂಜಿದ್ದೆವು ಅಂತ ಇವರಿಗೆ ಹೇಳಿದವರು ಯಾರು? ಜನರ ಬಾಯಲ್ಲಿರುವ 'ಒಕ್ಕಲೆಬ್ಬಿಸು' ಇವೆರಡಕ್ಕಿಂತ ನೇರ. ಒಕ್ಕಲು ಕೂತಿತ್ತು, ಯಾರೋ ಬಂದು ಎಬ್ಬಿಸಿದರು. ಎಬ್ಬಿಸಿದವರು ಯಾರು ಅಂತ ಕೇಳಲಿಕ್ಕೆ ಅದರಲ್ಲಿ ಜಾಗ ಉಂಟು.

ರಜೆಗೆ ಬಂದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆವು. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

"ಹೊರಗ ಹಾಕಿದವರ ಹೆಸರೂ ಆ ಕಾಗದದಾಗ ಐತೇನು?" ಅಂದಳು.

ಪೆಟ್ಟಿಗೆ ತೆಗೆದು ನೋಡಿದೆವು. ಕೆಳಗೊಂದು ಸಹಿ ಇತ್ತು. ಓದಲಿಕ್ಕೆ ಬರಲಿಲ್ಲ.