ಕೇಬಲ್ ಕಾಕಾ ಮತ್ತು ಹನ್ನೊಂದು ಪುಟದ ಒಪ್ಪಂದ

ಗುಂಜಿ ಗೊತ್ತಿಲ್ಲದವರಿಗೆ ಹೇಳೋದಾದರೆ, ಬೆಳಗಾವಿಯಿಂದ ಲೋಂಡಾ ಕಡೆಗೆ ಹೋಗುವ ರೈಲಿನಲ್ಲಿ ಖಾನಾಪುರ ಆದಮೇಲೆ ಬರುವ ಸ್ಟೇಷನ್ ನಮ್ಮದು. ಖಾನಾಪುರ ದಾಟಿದ ಮೇಲೆ ಕಾಡು ಹತ್ತಿರವಾಗುತ್ತದೆ, ಮಳೆ ಜೋರಾಗುತ್ತದೆ, ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ. ಊರಿನಲ್ಲಿ ಮರಾಠಿ ಮಾತೇ ಹೆಚ್ಚು. ನಾನು ಇಲ್ಲಿಂದಲೇ ಪತ್ರಿಕೆಗೆ ಸುದ್ದಿ ಕಳಿಸುತ್ತೇನೆ. ಅಚ್ಚಾದ ಸುದ್ದಿಗೆ ಮಾತ್ರ ದುಡ್ಡು. ಸಂಜೆ ಏಳರೊಳಗೆ ಫೋಟೊ ಹೋಗದಿದ್ದರೆ ಆ ದಿನದ ಓಡಾಟ, ಪೆಟ್ರೋಲು ಎಲ್ಲಾ ಕೈಬಿಟ್ಟ ಹಾಗೆ. ಹಾಗಾಗಿ ಇಂಟರ್‌ನೆಟ್ ಅಂದರೆ ನನಗೆ ಹೊಟ್ಟೆಪಾಡಿನ ಸಾಮಾನು.

ಆ ಸಾಮಾನನ್ನು ಮನೆತನಕ ತಂದುಕೊಡುವವರು ಊರಿನ ಕೇಬಲ್ ಕಾಕಾ. ಮೊದಲು ಟಿ.ವಿ. ಚಾನೆಲ್ ಕೊಡುತ್ತಿದ್ದರು. ಮನೆ ಮನೆ ಮೇಲೆ ಡಿಟಿಎಚ್ ಛತ್ರಿ ಎದ್ದ ಮೇಲೆ ಆ ದಂಧೆ ಸೊರಗಿತು. ಆಗ ಬೆಳಗಾವಿಯ ಒಂದು ಸಣ್ಣ ಇಂಟರ್‌ನೆಟ್ ಕಂಪನಿಯ ಜೊತೆ ಮಾತಾಡಿ, ಅದೇ ಕಂಬಗಳ ಮೇಲೆ ಫೈಬರ್ ಎಳೆದರು. ಕಂಪನಿಯದು ಬ್ಯಾಂಡ್‌ವಿಡ್ತ್ ಮತ್ತು ಲೈಸೆನ್ಸು, ಕಾಕಾನದು ತಂತಿ, ಏಣಿ, ವಸೂಲಿ. ತಿಂಗಳ ದುಡ್ಡಿನಲ್ಲಿ ಇಬ್ಬರಿಗೂ ಪಾಲು. ನಮ್ಮ ದೇಶದಲ್ಲಿ ಇಂಟರ್‌ನೆಟ್ ಲೈಸೆನ್ಸುಗಳಲ್ಲಿ ಎ, ಬಿ, ಸಿ ಅಂತ ವರ್ಗಗಳಿವೆ. ಎ ಅಂದರೆ ಇಡೀ ದೇಶ, ಬಿ ಅಂದರೆ ಹೆಚ್ಚುಕಡಿಮೆ ಒಂದು ರಾಜ್ಯ, ಸಿ ಅಂದರೆ ಒಂದು ಜಿಲ್ಲೆಯಷ್ಟು ಜಾಗ. ಸಿ ವರ್ಗದ ಕಂಪನಿಗಳ ಹೆಸರು ಪೇಪರಿನಲ್ಲಿ ಬರುವುದು ಅಪರೂಪ, ಆದರೆ ಕೆಲಸ ಮಾಡುವ ಕೈ ಅಲ್ಲೇ ಇರುತ್ತದೆ.

ಫೈಬರ್ ಅಂದರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಒಂದು ಎಳೆಯನ್ನು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಯಲ್ಲಿ ಹಾಯಿಸಿದರೆ ಎಂಟು, ಹದಿನಾರು, ಮೂವತ್ತೆರಡು ಮನೆಗೂ ಹಂಚಬಹುದು. ಒಂದೆಡೆ ತುಂಡಾದರೆ ಅಷ್ಟೂ ಮನೆ ಕತ್ತಲೆ. ನಮ್ಮಲ್ಲಿ ತುಂಡಾಗಲು ಕಾರಣ ಹುಡುಕಬೇಕಿಲ್ಲ: ಬೀಳುವ ಮರ, ಜೀಕುವ ಮಂಗ, ರಸ್ತೆ ಕೆಲಸದ ಜೆಸಿಬಿ. ತುಂಡಾದ ಗಾಜನ್ನು ಕೈಯಿಂದ ಗಂಟು ಹಾಕೋಕೆ ಬರೋದಿಲ್ಲ. ಎರಡೂ ತುದಿ ಸವರಿ, ಒರೆಸಿ, ಸ್ಪ್ಲೈಸಿಂಗ್ ಮಷೀನಿನಲ್ಲಿಟ್ಟು ಬೆಸೆಯಬೇಕು. ಕಾಕಾ ಆ ಮಷೀನನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದು, ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು ಬೈಕಿನಲ್ಲಿ ಹೋಗುತ್ತಾರೆ. ನೋಡಿದರೆ ನಗು ಬರುತ್ತದೆ. ನಗುವ ನಮ್ಮ ಮನೆಯ ತಂತಿಯೂ ಆ ಚೀಲದ ಮೇಲೇ ನಿಂತಿದೆ.

ಈ ದಂಧೆ ಇಷ್ಟು ದೂರ ಬಂದದ್ದೇ ಒಂದು ಕಥೆ. ಭಾರತದಲ್ಲಿ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರಕಾರಿ ವಿಎಸ್‌ಎನ್‌ಎಲ್‌ನಿಂದ. ಮೂರು ವರ್ಷ ಅದರದ್ದೇ ಏಕಸ್ವಾಮ್ಯ. 1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು, ಮೊದಲು ಒಳಬಂದದ್ದು ಸತ್ಯಂ ಇನ್ಫೋವೇ. ಅದೇ ಮುಂದೆ ಸಿಫಿ ಆಯಿತು. 1999ರಲ್ಲಿ ಅಮೆರಿಕದ ನಾಸ್ಡಾಕ್ ಶೇರುಪೇಟೆಗೂ ಹೋಯಿತು, ಊರೂರಲ್ಲಿ ಐವೇ ಅಂತ ಸೈಬರ್ ಕೆಫೆ ಇಟ್ಟಿತು. ಆ ಬೋರ್ಡುಗಳೆಲ್ಲ ಪಟ್ಟಣದವು, ಗುಂಜಿಯವರು ಅದನ್ನು ನೋಡಬೇಕೆಂದರೆ ರೈಲು ಹತ್ತಬೇಕಿತ್ತು. ಬೆಂಗಳೂರಿನ ಆಕ್ಟ್ ಕೂಡ ಕೇಬಲ್ ಟಿ.ವಿ.ಯಿಂದ ಬೆಳೆದು ಇಂಟರ್‌ನೆಟ್ಟಿಗೆ ಬಂದ ಕಂಪನಿ. ಅಂದರೆ ನಮ್ಮ ಕಾಕಾ ಹಿಡಿದ ದಾರಿಯೇ, ಸೊನ್ನೆಗಳು ಮಾತ್ರ ಬೇರೆ.

ಗುಂಜಿಗೆ ಇಂಟರ್‌ನೆಟ್ ನಿಜವಾಗಿ ಬಂತು ಅನ್ನಿಸಿದ್ದು 2016ರಲ್ಲಿ. 2010ರ ಹರಾಜಿನಲ್ಲಿ ಇನ್ಫೋಟೆಲ್ ಎಂಬ ಯಾರೂ ಕೇಳದ ಸಣ್ಣ ಕಂಪನಿ ಸುಮಾರು 12,800 ಕೋಟಿ ರೂಪಾಯಿಗೆ ಇಡೀ ದೇಶದ ಬ್ರಾಡ್‌ಬ್ಯಾಂಡ್ ತರಂಗ ಗೆದ್ದಿತು, ಅದೇ ದಿನ ರಿಲಯನ್ಸ್ ಆ ಕಂಪನಿಯನ್ನು ಕೊಂಡಿತು. ಆರು ವರ್ಷದ ನಂತರ, 2016ರ ಸೆಪ್ಟೆಂಬರ್ 5ಕ್ಕೆ, ಜಿಯೋ ಹೊರಬಂತು. ನಾನಾಗ ಪಿಯುಸಿ. ಖಾನಾಪುರದ ಮೊಬೈಲ್ ಅಂಗಡಿ ಮುಂದೆ ಆಧಾರ್ ಕಾರ್ಡ್ ಹಿಡಿದವರ ಸಾಲು, ಬೆರಳು ಒತ್ತಿದರೆ ಸಿಮ್. ಮೊದಲು ಡಿಸೆಂಬರ್ ತನಕ ಪುಕ್ಕಟೆ, ಆಮೇಲೆ 2017ರ ಮಾರ್ಚ್ 31ರ ತನಕ. 170 ದಿನಗಳಲ್ಲಿ 10 ಕೋಟಿ ಗ್ರಾಹಕರಾದರು ಅಂತ ಕಂಪನಿ ಹೇಳಿಕೊಂಡಿತು. ಅದಕ್ಕೂ ಮೊದಲು ನಾನು ಒಂದು ಜಿಬಿಯನ್ನು ತಿಂಗಳಿಡೀ ಎಳೆಯುತ್ತಿದ್ದೆ, ಉಪ್ಪಿನಕಾಯಿ ನೆಕ್ಕಿದ ಹಾಗೆ. ಅಮ್ಮ ಮೊದಲ ಸಲ ಅಡುಗೆ ಮಾಡುತ್ತಾ ಯೂಟ್ಯೂಬಿನಲ್ಲಿ ಭಜನೆ ಕೇಳಿದ್ದೂ ಆಗಲೇ. ಇದನ್ನೆಲ್ಲ ಮರೆತು ಬರೀ ಬೈಯುವುದು ನನಗೆ ಆಗದ ಮಾತು.

ಆದರೆ ಆಮೇಲೆ ಆದದ್ದನ್ನೂ ನೋಡಬೇಕು. ಟೆಲಿನಾರ್, ಟಾಟಾ ಡೊಕೊಮೊ ಏರ್‌ಟೆಲ್‌ನೊಳಗೆ ಸೇರಿದವು. ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು. 2018ರ ಆಗಸ್ಟಿನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಗೋಡೆ ತುಂಬ ಬರೆದಿದ್ದ ಬಣ್ಣಬಣ್ಣದ ಹೆಸರುಗಳಲ್ಲಿ ಮೂರು ಖಾಸಗಿ ಉಳಿದವು, ಜೊತೆಗೆ ಬಿಎಸ್‌ಎನ್‌ಎಲ್. 2024ರ ಜುಲೈನಲ್ಲಿ ಆ ಮೂರೂ ಖಾಸಗಿಯವರು ಒಂದೆರಡು ದಿನದ ಅಂತರದಲ್ಲಿ ದರ ಏರಿಸಿದರು. ದಿನಕ್ಕೆ ಒಂದೂವರೆ ಜಿಬಿಯ, 28 ದಿನದ ಜಿಯೋ ಪ್ಯಾಕು 239ರಿಂದ 299 ಆಯಿತು.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು 2018ರ ಅಕ್ಟೋಬರಿನ ಇನ್ನೊಂದು ಸುದ್ದಿ. ಹಾತ್‌ವೇ ಮತ್ತು ಡೆನ್ ಎಂಬ ದೊಡ್ಡ ಕೇಬಲ್ ಕಂಪನಿಗಳ ಹೆಚ್ಚಿನ ಪಾಲು ಕೊಳ್ಳುವುದಾಗಿ ರಿಲಯನ್ಸ್ ಪ್ರಕಟಿಸಿತು. ಮರುವರ್ಷ ಜಿಯೋಫೈಬರ್ ಬಂತು. ಅಷ್ಟು ದುಡ್ಡು, ಅಷ್ಟು ತರಂಗ, ಅಷ್ಟು ಟವರ್ ಇದ್ದವರಿಗೂ ಮನೆಬಾಗಿಲಿಗೆ ತಂತಿ ಮುಟ್ಟಿಸಲು ಕೇಬಲ್‌ನವರ ಜಾಲ ಬೇಕಾಯಿತು ಅಂತ ನಾನು ಓದಿಕೊಂಡೆ. ಆ ಜಾಲದ ತುತ್ತತುದಿಯಲ್ಲಿ ಇರುವವರು ನಮ್ಮ ಕಾಕಾನಂಥವರೇ.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಒಂದು ದೊಡ್ಡ ಕಂಪನಿಯ ಹುಡುಗರು ಬಂದು ಫೈಬರ್ ಎಳೆದರು. ಹೆಸರು ಬೇಡ. ಮೂರು ತಿಂಗಳು ಅರ್ಧ ದರ, ಮೇಲೆ ಟಿ.ವಿ. ಡಬ್ಬಿ. ಕಾಕಾನ 130 ಮನೆಗಳಲ್ಲಿ 50 ಆ ಕಡೆ ಹೋದವು. ನಾವೂ ಹೋದೆವು, ದುಡ್ಡು ಉಳಿಯುವುದಾದರೆ ಯಾರಿಗೆ ಬೇಡ? ಜುಲೈನಲ್ಲಿ ಮರ ಬಿತ್ತು. ದೂರು ಕೊಡಲು ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಪಕ್ಕದ ಮನೆಯ ಆಯಿಗೆ ಮರಾಠಿ ಬಿಟ್ಟು ಬೇರೆ ಬರೋದಿಲ್ಲ, ಅವರ ದೂರನ್ನೂ ನಾನೇ ಹೇಳಿದೆ. ಮೂರನೇ ದಿನ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಅಂತ ಮೆಸೇಜ್ ಬಂತು. ತಂತಿ ಮಾತ್ರ ಗಟಾರದಲ್ಲೇ ಬಿದ್ದಿತ್ತು. ಹನ್ನೊಂದು ದಿನ ಹಾಗೇ. ಆ ದಿನಗಳಲ್ಲಿ ಸಂಜೆಯಾದರೆ ಬೈಕ್ ಹತ್ತಿ ಖಾನಾಪುರಕ್ಕೆ ಹೋಗಿ ಸುದ್ದಿ ಕಳಿಸಿದೆ. ನಾಲ್ಕು ಸುದ್ದಿ ತಡವಾಗಿ ಹೋಗಿ ಅಚ್ಚಾಗಲಿಲ್ಲ. ಅದರಲ್ಲಿ ಒಂದು ಸೋರುವ ಅಂಗನವಾಡಿಯದು.

ಟವರ್ ಇದೆಯಲ್ಲ ಅನ್ನುತ್ತೀರಿ. ಕರೆಂಟ್ ಹೋದರೆ ಟವರ್ ನಡೆಯುವುದು ಬ್ಯಾಟರಿಯಲ್ಲಿ, ಆಮೇಲೆ ಡೀಸೆಲ್ ಜನರೇಟರಿನಲ್ಲಿ. ನಮ್ಮ ಮಳೆಗೆ ಕರೆಂಟು ಎರಡು ದಿನ ಹೋಗುವುದು ಹೊಸದಲ್ಲ. 2019ರ ಆಗಸ್ಟಿನ ನೆರೆಯಲ್ಲಿ ಮಲಪ್ರಭೆ ತುಂಬಿ ಹರಿದಾಗ, ಯಾರ ಮನೆ ಬಿತ್ತು, ಯಾವ ಸೇತುವೆ ಮುಳುಗಿತು ಎಂಬುದು ನಮಗೆ ಬಾಯಿಂದ ಬಾಯಿಗೆ ಬಂತು, ಫೋನಿನಿಂದಲ್ಲ.

ಇಷ್ಟಾದರೂ ನಾವು ಅದೃಷ್ಟವಂತರು. ರಸ್ತೆ ಇದೆ, ಹಳಿ ಇದೆ, ಎಣಿಸಲು ಗ್ರಾಹಕರಿದ್ದಾರೆ. ಇದೇ ತಾಲ್ಲೂಕಿನ ಭೀಮಗಡ ಅಭಯಾರಣ್ಯದೊಳಗೆ ಆಮಗಾಂವ, ಗವಾಳಿಯಂಥ ಊರುಗಳಿವೆ. ಅಲ್ಲಿ ಕಂಬ ನೆಡಲೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಮನೆಗಳೋ ಬೆರಳೆಣಿಕೆ. ದೊಡ್ಡವರ ಲೆಕ್ಕಕ್ಕೂ ಸಿಗದ, ಕಾಕಾನ ಲೆಕ್ಕಕ್ಕೂ ಸಿಗದ ಜಾಗ ಅದು. ಮಾರುಕಟ್ಟೆ ತಾನಾಗಿ ಹತ್ತುವ ಘಟ್ಟ ಅಲ್ಲ, ಸರಕಾರವೇ ದುಡ್ಡು ಹಾಕಬೇಕು ಅಂತ ನನ್ನ ಅನಿಸಿಕೆ.

ಕೊನೆಗೆ ನಮ್ಮ ಗಟಾರದ ತಂತಿ ಎತ್ತಿದವರು ಕಾಕಾ. ಅದು ಅವರದಲ್ಲ, ಅದನ್ನು ಅವರು ಮುಟ್ಟಲಿಲ್ಲ, ಬದಿಗೆ ಸರಿಸಿ ತಮ್ಮ ಎಳೆಯನ್ನು ಮತ್ತೆ ನಮ್ಮ ಗೋಡೆಗೆ ತಂದರು. ‘ಬಿಟ್ಟು ಹೋದವರು ನೀವು’ ಅಂತ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ತಿಂಗಳಿಗೆ 70 ರೂಪಾಯಿ ಹೆಚ್ಚು ಕೊಡುತ್ತಿದ್ದೇವೆ. ಹೋದ 50ರಲ್ಲಿ ವಾಪಸ್ ಬಂದದ್ದು ನಾವು ಹದಿನಾಲ್ಕು ಮನೆ ಮಾತ್ರ, ಉಳಿದವರಿಗೆ 70 ರೂಪಾಯಿ ದೊಡ್ಡದು. ತಪ್ಪೆನ್ನಲಾರೆ.

ಈಗ ಬೆಳಗಾವಿಯ ಆ ಸಣ್ಣ ಕಂಪನಿಯೇ ದೊಡ್ಡದೊಂದಕ್ಕೆ ಮಾರಾಟವಾಗುವ ಮಾತಿದೆ. ಕಾಕಾನ ಕೈಗೆ ಹೊಸ ಒಪ್ಪಂದ ಬಂದಿದೆ, ಇಂಗ್ಲಿಷಿನಲ್ಲಿ, ಹನ್ನೊಂದು ಪುಟ. ಓದಿ ಹೇಳುವ ಕೆಲಸ ನನ್ನದು. ವಸೂಲಿ ಕಾಕಾನದೇ, ಆದರೆ ತಂತಿಯ ಮಾಲೀಕತ್ವ ಕಂಪನಿಯದು ಎಂಬಲ್ಲಿಗೆ ಏಳನೇ ಪುಟ ಮುಗಿಯಿತು. ಕಾಕಾ ಕನ್ನಡಕ ತೆಗೆದು ಒರೆಸಿದರು.

‘ತಮ್ಮಾ, ಮಳ್ಯಾಗ ತಂತಿ ಹರದ್ರ ಯಾರ ಹೋಗಬೇಕು ಅಂತ ಎಲ್ಲಿ ಬರದಾರ ನೋಡು.’

ಏಳು ಪುಟದಲ್ಲಿ ಅದು ಇರಲಿಲ್ಲ. ಇನ್ನು ನಾಲ್ಕು ಪುಟ ಉಳಿದಿವೆ, ಭಾನುವಾರ ಓದುತ್ತೇವೆ.