ಮದರ್ ಟಂಗ್ ಬೇರೆ, ಮೀಡಿಯಂ ಬೇರೆ

ಜೂನ್ ತಿಂಗಳು ಬಂತೆಂದರೆ ನಮಗೆ ಪ್ರವೇಶದ ಅರ್ಜಿಗಳ ರಾಶಿ. ಅದರಲ್ಲಿ ಇಂಗ್ಲಿಷಿನ ಮೂರು ಪದಗಳು: ಮದರ್ ಟಂಗ್, ಫಸ್ಟ್ ಲಾಂಗ್ವೇಜ್, ಮೀಡಿಯಂ. ಮೂರರ ಎದುರೂ 'ಕನ್ನಡ' ಎಂದು ಬರೆದು ಮುಂದಿನ ಹಾಳೆ ತೆಗೆದುಕೊಂಡವರು ನಾವೇ. ಕನ್ನಡ ಶಾಲೆ, ಕನ್ನಡ ಮಕ್ಕಳು, ಇನ್ನೇನು ಬರೆಯೋದು ಅಂತ!

ಒಂದು ವರ್ಷ ಮನೂರ್ ಕಡೆಯ ತಾಂಡಾದಿಂದ ಬಂದ ತಂದೆಯೊಬ್ಬರು ನಾವು ತುಂಬಿದ್ದನ್ನು ಮಗನಿಂದ ಓದಿಸಿ ಕೇಳಿದರು.

"ಸರ್, ತಾಯಿ ಮಾತು ಕನ್ನಡ ಅಂತ ಬರ್ದೀರಲ್ರಿ?"

"ಕನ್ನಡ ಶಾಲ್ಯಾಗ ಓದ್ತಾನಲ್ಲಪ್ಪಾ."

"ಓದೂದು ಕನ್ನಡಾನೇ ರೀ. ಅವರವ್ವ ಮಾತಾಡೂದು?"

ಉತ್ತರ ಇರಲಿಲ್ಲ. ಮನೆಯಲ್ಲಿ ಅವರದು ಲಂಬಾಣಿ.

ಜನಗಣತಿಯವರ ವ್ಯಾಖ್ಯೆಯೂ ಆ ತಂದೆ ಹೇಳಿದಂತೆಯೇ ಇದೆ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಮಾತು ಮದರ್ ಟಂಗ್. ತಾಯಿ ತೀರಿಹೋಗಿದ್ದರೆ ಬಾಲ್ಯದ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಮಾತು. ಶಾಲೆಗೂ ಅದಕ್ಕೂ ಸಂಬಂಧವಿಲ್ಲ. (ಅದೇ ಜನಗಣತಿ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸುತ್ತದೆ, ಅದು ಬೇರೆ ಮಾತು.) ಫಸ್ಟ್ ಲಾಂಗ್ವೇಜ್ ಇನ್ನೂ ಮೋಸದ ಪದ. ನಿಘಂಟು ತೆರೆದರೆ ಅದಕ್ಕೂ ಮಾತೃಭಾಷೆ ಎಂದೇ ಅರ್ಥ. ಶಾಲೆಯ ಅರ್ಜಿಯಲ್ಲಿ ಮಾತ್ರ ಅದು ಪರೀಕ್ಷೆಯ ಒಂದು ವಿಷಯ. ಮೀಡಿಯಂ ಎಂದರೆ ಗಣಿತ, ವಿಜ್ಞಾನ, ಸಮಾಜಗಳನ್ನು ಕಲಿಯುವ ಮಾತು. 2018ರ ಕಾಯ್ದೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯ ಮಾಡಿತು. ನಮ್ಮ ಮಕ್ಕಳೂ ತೆಲುಗು ಓದುತ್ತಾರೆ, ಆದರೆ ಅದರಿಂದ ಅವರ ಮೀಡಿಯಂ ತೆಲುಗು ಆಗುವುದಿಲ್ಲ.

ಇಷ್ಟು ಕೂದಲು ಸೀಳುವುದೇಕೆ ಅನ್ನಬೇಡಿ. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಿಂದ, ತಾಂಡೂರು ಗುಲ್ಬರ್ಗಾ ಜಿಲ್ಲೆಯಿಂದ ಆಂಧ್ರಕ್ಕೆ ಹೋಗಿದ್ದು 1956ರಲ್ಲಿ. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಯಾವ ಮಾತಿನಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕು? ಅಲ್ಲಿರುವ ಪದ ಮದರ್ ಟಂಗ್. ಇನ್ನು ಕರ್ನಾಟಕದ ಸರ್ಕಾರಿ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದವರಿಗೆ ಮೀಸಲಾತಿ ಇದೆಯಲ್ಲ, ಅಲ್ಲಿ ತಾಯಿಯ ಮಾತು ಯಾರೂ ಕೇಳುವುದಿಲ್ಲ, ಕೇಳುವುದು ಮೀಡಿಯಂ.

ನಮ್ಮ ಕಡೆ ತಪ್ಪು ಎರಡೂ ದಿಕ್ಕಿನಲ್ಲಿ ಆಗುತ್ತದೆ. ಕನ್ನಡದ ಮನೆಯ ಎಷ್ಟೋ ಮಕ್ಕಳು ತೆಲುಗು ಮೀಡಿಯಮ್ಮಿಗೆ ಹೋಗುತ್ತಾರೆ. 2022-23ರಲ್ಲಿ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮೀಡಿಯಂ ಬಂದ ಮೇಲೆ ಅದಕ್ಕೂ ಹೋಗುತ್ತಿದ್ದಾರೆ. ಹೋಗಲಿ, ಅದು ಅವರವರ ಇಷ್ಟ. ಆದರೆ ಮೀಡಿಯಂ ತೆಲುಗು ಎಂದು ಮದರ್ ಟಂಗೂ ತೆಲುಗು ಎಂದು ಬರೆಸಿ ಬರುತ್ತಾರೆ. ಮನೆಯಲ್ಲಿ ಅಜ್ಜಿಯ ಸಂಗಡ ಕನ್ನಡವೇ! ನಾಳೆ ಈ ಊರಲ್ಲಿ ಕನ್ನಡದವರು ಎಷ್ಟು ಮಂದಿ ಎಂದು ಯಾರಾದರೂ ಹಾಳೆ ತಿರುವಿದರೆ ಆ ಮಗು ಸಿಗುವುದಿಲ್ಲ. ಅದನ್ನು ಕಂಡು ನಾವು ಬೇಸರಪಟ್ಟಿದ್ದೇವೆ, ಬೈದೂ ಇದ್ದೇವೆ. ತಾಂಡಾದ ಹುಡುಗನ ಹಾಳೆಯಲ್ಲಿ ಅದನ್ನೇ ನಾವು ಮಾಡಿದ್ದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಆ ತಂದೆಯ ಎದುರಿಗೇ ಹೊಡೆದುಹಾಕಿ ಬರೆದೆವು: ಮದರ್ ಟಂಗ್ ಲಂಬಾಣಿ, ಫಸ್ಟ್ ಲಾಂಗ್ವೇಜ್ ಕನ್ನಡ, ಮೀಡಿಯಂ ಕನ್ನಡ. ಅವರು ಹೋದ ಮೇಲೆ ಅಷ್ಟೂ ಹಾಳೆ ಮತ್ತೆ ತೆಗೆದು, ಒಬ್ಬೊಬ್ಬ ಮಗುವನ್ನೂ ಕರೆದು ಕೇಳುತ್ತ ಕುಳಿತೆವು. "ನಿಮ್ಮವ್ವ ನಿನ್ನ ಹೆಂಗ ಕರೀತಾಳ?" ಉರ್ದು ಬಂತು, ಮರಾಠಿ ಬಂತು, ತೆಲುಗು ಬಂತು. ಸಂಜೆಯ ಬಸ್ಸು ತಪ್ಪಿತು.